ಮೂವತ್ತಾರನೇ ನಂಬರಿನ ಸೈಕಲ್ಲು

ಡಿಪೋದಲ್ಲಿ ಅವನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು, ಆದರೆ ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಅವನ ಹೆಂಡತಿ ಒಬ್ಬಳಿಗೇ ಇತ್ತು. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ದಾರಿ, ಮೂವತ್ತಾರನೇ ನಂಬರು: ಡಿಪೋದಿಂದ ಹೊರಟು ನದಿ ದಾಟಿ ಬಣ್ಣದ ಕಾರ್ಖಾನೆಯವರೆಗೆ, ಇಪ್ಪತ್ತೆರಡು ಸ್ಟಾಪು, ಹನ್ನೊಂದು ಕಿಲೋಮೀಟರು. ಆ ದಾರಿಯ ಒಂದೊಂದು ಗುಂಡಿಯನ್ನೂ ಅವನು ಹೆಸರಿಟ್ಟು ಬೈದಿದ್ದ.

ಅಂಥವನನ್ನು ಡಿಪೋದ ಡಾಕ್ಟರಮ್ಮ ಬಸ್ಸಿನಿಂದ ಇಳಿಸಿಬಿಟ್ಟಳು. ವರ್ಷಕ್ಕೊಮ್ಮೆ ಡ್ರೈವರುಗಳಿಗೆಲ್ಲ ತಪಾಸಣೆ ನಡೆಯುತ್ತಿತ್ತು. ಅವನ ಮಗಳಾಗಬಹುದಾದ ವಯಸ್ಸಿನ ಹುಡುಗಿ, ಕಾಗದ ನೋಡುತ್ತಾ ನೋಡುತ್ತಾ ಹುಬ್ಬು ಗಂಟಿಕ್ಕಿದಳು.

"ಸಕ್ಕರೆ ಮಿತಿ ಮೀರಿದೆ. ಬಿಪಿ ಅಂತೂ ಕೇಳೋದೇ ಬೇಡ. ಹೊಟ್ಟೆ ಸ್ಟೀರಿಂಗಿಗೆ ತಾಗತ್ತಾ?"

"ತಾಗಲ್ಲ."

"ಸುಳ್ಳು. ನಿಮ್ಮ ಅಂಗಿ ಮೂರನೇ ಗುಂಡಿ ಹತ್ರ ಸವೆದು ಬೆಳ್ಳಗಾಗಿದೆ, ನೋಡ್ಕೊಳ್ಳಿ."

ಅವನು ನೋಡಿಕೊಂಡ. ಸವೆದಿತ್ತು. ಅಲ್ಲಿಗೆ ಮಾತು ಮುಗಿಯಬೇಕಿತ್ತು, ಆದರೆ ಕೆಂಡ ಸುಮ್ಮನಿರುವ ಪೈಕಿಯಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಅಪಘಾತ ಇಲ್ಲ, ಒಂದು ದೂರು ಇಲ್ಲ, ನಾನು ಓಡಿಸೋದು ಕೈಕಾಲಿನಿಂದ, ಸಕ್ಕರೆಯಿಂದ ಅಲ್ಲ ಎಂದು ಮೇಜು ಗುದ್ದಿದ. ಗುದ್ದಿದ ಹೊಡೆತಕ್ಕೆ ಅವನಿಗೇ ಏದುಸಿರು ಬಂತು. ಡಾಕ್ಟರಮ್ಮ ಅದನ್ನೂ ನೋಡಿದಳು. ಆರು ತಿಂಗಳು ಸ್ಟೀರಿಂಗ್ ಮುಟ್ಟುವಂತಿಲ್ಲ. ಆರು ತಿಂಗಳ ನಂತರ ಮತ್ತೆ ತಪಾಸಣೆ. ಆಗಲೂ ಹೀಗೇ ಇದ್ದರೆ ರಿಟೈರ್ ಆಗುವವರೆಗೂ ಕುರ್ಚಿ ಕೆಲಸವೇ.

"ಮೈ ಬಗ್ಗಿಸಿ. ನಡೀರಿ, ಇಲ್ಲ ಸೈಕಲ್ ಹೊಡೀರಿ," ಎಂದಳು.

"ಈ ವಯಸ್ಸಲ್ಲಿ ಸೈಕಲ್ ಹೊಡೆಯೋಕೆ ನಾನೇನು ಪೇಪರ್ ಹಾಕೋನಾ?" ಎಂದು ಗೊಣಗುತ್ತಾ ಅವನು ಎದ್ದುಬಂದ.

ಕುರ್ಚಿ ಕೆಲಸ ಎಂದರೆ ಕಳೆದುಹೋದ ಸಾಮಾನಿನ ಕೋಣೆ. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದನ್ನೆಲ್ಲ ಅಲ್ಲಿ ತಂದು ಹಾಕುತ್ತಿದ್ದರು. ಒಂದು ಕಿಟಕಿ, ಒಂದು ಮೇಜು, ಗೋಡೆ ತುಂಬ ಕಬ್ಬಿಣದ ಹಲಗೆಗಳು. ಹಲಗೆಗಳ ಮೇಲೆ ಅರವತ್ತೆಂಟು ಕೊಡೆ, ಬರೀ ಎಡಗಾಲಿನ ಮೂರು ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು. ಹೆಂಡತಿ ಹೊಲಿದುಕೊಟ್ಟಿದ್ದ ಸೀಟಿನ ದಿಂಬನ್ನು ಬಸ್ಸಿನಿಂದ ಕಿತ್ತುಕೊಂಡು ಬಂದು ಆ ಕೋಣೆಯ ಕುರ್ಚಿಗೆ ಹಾಕಿ ಕೂತ. ಹಲ್ಲಿನ ಸೆಟ್ಟು ದಿನವಿಡೀ ಅವನನ್ನು ನೋಡಿ ನಗುತ್ತಿತ್ತು. ಕಿಟಕಿಯಾಚೆ ಅವನ ಬಸ್ಸು ಹೊರಟರೆ ಎದ್ದು ಕಿಟಕಿ ಮುಚ್ಚುತ್ತಿದ್ದ. ಈಗ ಅದನ್ನು ಓಡಿಸುತ್ತಿದ್ದವನು ಚಿಗರೆ. ಹಾರಿ ಹಾರಿ ಓಡಿಸುತ್ತಾನೆಂದು ಆ ಹೆಸರು. ಇವನೇ ಪಕ್ಕದಲ್ಲಿ ಕೂತು ತಲೆಗೆ ಮೊಟಕಿ ಮೊಟಕಿ ಕಲಿಸಿದ ಶಿಷ್ಯ.

ಸೈಕಲ್ ಹತ್ತಿದ್ದು ಆರೋಗ್ಯಕ್ಕಲ್ಲ, ಹಟಕ್ಕೆ. ಮನೆಯಲ್ಲಿ ಇದ್ದದ್ದು ಹೆಂಡತಿಯ ಸೈಕಲ್ಲು. ನದಿಯಾಚೆ ಅವಳದೊಂದು ಹೊಲಿಗೆ ಕೋಣೆ. ಹದಿಮೂರು ವರ್ಷದಿಂದ ದಿನಾ ಎಂಟೂವರೆಗೆ ಮನೆ ಬಿಟ್ಟು ಅದರಲ್ಲೇ ಹೋಗಿಬರುತ್ತಿದ್ದಳು. ಮುಂದೆ ಬುಟ್ಟಿ, ಬಗ್ಗಿದ ಬಾರು, ಹೆಂಗಸರ ಸೈಕಲ್ಲು. ಬೆಳಗಿನ ಐದೂವರೆಗೆ, ಯಾರೂ ನೋಡದ ಹೊತ್ತಿಗೆ, ಅದನ್ನು ಹೊರಗೆ ತಳ್ಳಿದ.

"ಬುಟ್ಟಿಯಲ್ಲಿ ಅಳತೆ ಟೇಪಿದೆ, ಬೀಳಿಸಬೇಡಿ," ಎಂದಳು ಹೆಂಡತಿ ಒಳಗಿನಿಂದ. ಅವಳಿಗೆ ಎಚ್ಚರವಾಗಿತ್ತು.

ಯಾವ ಕಡೆ ಹೋಗುವುದು? ಅವನಿಗೆ ಊರಿನಲ್ಲಿ ಬೇರೆ ದಾರಿಯೇ ಗೊತ್ತಿರಲಿಲ್ಲ. ಡಿಪೋ ಗೇಟಿನಿಂದ ಮೂವತ್ತಾರನೇ ನಂಬರಿನ ದಾರಿ ಹಿಡಿದ. ಮೊದಲ ಸ್ಟಾಪು ಬಂತು. ಕೈ ತಾನಾಗಿ ಬ್ರೇಕು ಹಿಡಿಯಿತು, ಸೈಕಲ್ಲು ನಿಂತಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ತನಗೆ ತಾನೇ ಬೈದುಕೊಂಡು ಹೊರಟ. ಎರಡನೇ ಸ್ಟಾಪಿನಲ್ಲಿ ಮತ್ತೆ ನಿಂತ. ಅಲ್ಲಿ ಕಾರ್ಖಾನೆಯ ಮುದುಕನೊಬ್ಬ ಮೊದಲ ಬಸ್ಸಿಗೆ ಕಾಯುತ್ತಿದ್ದ.

"ಏನ್ ಡ್ರೈವರ್ರೇ, ನಾನೂ ಹತ್ತಲಾ?" ಎಂದ.

ಆ ಸಿಟ್ಟಿಗೆ ಮೂರನೇ ಸ್ಟಾಪಿನವರೆಗೆ ತುಳಿದ. ಅಲ್ಲಿಗೆ ತೊಡೆ ನಡುಗಿ, ಕಣ್ಣು ಕತ್ತಲಿಟ್ಟು, ದಾರಿ ಬದಿಯ ಕಲ್ಲಿನ ಮೇಲೆ ಕೂತ. ಹನ್ನೊಂದು ಕಿಲೋಮೀಟರು ದಿನಕ್ಕೆ ಎಂಟು ಸಲ ಓಡಾಡಿದವನು ಮೂರು ಸ್ಟಾಪಿಗೆ ಸತ್ತುಬಿದ್ದ. ಅಷ್ಟೂ ವರ್ಷ ಓಡಿದ್ದು ಬಸ್ಸು, ತಾನಲ್ಲ ಎಂಬುದು ಅವತ್ತು ಅವನ ಮಂಡೆಗೆ ಹೋಯಿತು, ಮತ್ತು ಅದಕ್ಕೂ ಸಿಟ್ಟು ಬಂತು.

ಮಾರನೆಯ ದಿನ ನಾಲ್ಕು ಸ್ಟಾಪು. ಎರಡು ವಾರಕ್ಕೆ ಒಂಬತ್ತು. ಒಂದೊಂದು ತುಳಿತಕ್ಕೂ ಒಬ್ಬೊಬ್ಬರನ್ನು ಬೈಯುತ್ತಿದ್ದ: ಎಡಗಾಲಿಗೆ ಡಾಕ್ಟರಮ್ಮ, ಬಲಗಾಲಿಗೆ ಮ್ಯಾನೇಜರು, ಏರು ಬಂದರೆ ಚಿಗರೆ. ಬೈಗುಳ ಮುಗಿದರೆ ಕಾಲೂ ಸೋಲುತ್ತಿತ್ತು, ಹೀಗಾಗಿ ಹೊಸ ಹೊಸ ಜನರನ್ನು ಹುಡುಕಬೇಕಾಯಿತು. ಒಂದು ತಿಂಗಳಿಗೆ ಸೇತುವೆಯ ಬುಡ ಮುಟ್ಟಿದ. ಆ ಸೇತುವೆ ಹದಿನಾಲ್ಕನೇ ಸ್ಟಾಪಿಗೂ ಹದಿನೈದಕ್ಕೂ ನಡುವೆ, ಹಳೆಯದು, ಇಕ್ಕಟ್ಟಿನದು. ನಡುವಿನವರೆಗೆ ಏರು, ಆಮೇಲೆ ಇಳಿತ, ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಆ ಏರಿನಲ್ಲಿ ಅವನ ಎದೆ ಕಿತ್ತುಬಂತು. ದಿನಕ್ಕೆ ಹನ್ನೆರಡು ಸಿಗರೇಟು ಸೇದುವ ಎದೆ. ಇಳಿದು ತಳ್ಳಿಕೊಂಡು ದಾಟಿ, ಆಚೆ ಬದಿಯಲ್ಲಿ ಜೇಬಿನಿಂದ ಪ್ಯಾಕೆಟ್ ತೆಗೆದು ಅದನ್ನೇ ದಿಟ್ಟಿಸಿದ. ಸೇತುವೆಯನ್ನು ತನ್ನಿಂದ ಕಿತ್ತುಕೊಂಡ ವೈರಿ ಅಂಗೈಯಲ್ಲೇ ಕೂತಿದ್ದ. ಪ್ಯಾಕೆಟ್ಟನ್ನು ನದಿಗೆ ಎಸೆದ. ಯಾವ ಉಪದೇಶಕ್ಕೂ ಬಗ್ಗದವನು ಒಂದು ಏರಿಗೆ ಬಗ್ಗಿದ.

ಆರನೇ ವಾರ ಕೂತೇ ಸೇತುವೆ ಹತ್ತಿದ. ತುದಿ ಮುಟ್ಟಿ ಇಳಿತಕ್ಕೆ ಬಿಟ್ಟಾಗ ಗಾಳಿ ಅಂಗಿಯೊಳಗೆ ನುಗ್ಗಿತು. ಅವತ್ತು ಕಾರ್ಖಾನೆಯ ಗೇಟಿನ ಹತ್ತಿರ ನಿಂತು ನೋಡಿಕೊಂಡರೆ, ಯಾರ ಮೇಲೂ ಸಿಟ್ಟಿರಲಿಲ್ಲ. ಜೇಬು ತಡವಿದಂತೆ ಮನಸ್ಸನ್ನೆಲ್ಲ ತಡವಿದ, ಸಿಗಲಿಲ್ಲ. ಮನೆಗೆ ಬಂದು ಆ ವಿಷಯಕ್ಕೇ ಒಂದಷ್ಟು ಸಿಡಿಮಿಡಿಗೊಂಡ ಮೇಲೆ ಸಮಾಧಾನವಾಯಿತು.

ಆಮೇಲೆ ಬಿಡಲು ಹೇಳಿದರೂ ಬಿಡುವ ಹಾಗಿರಲಿಲ್ಲ. ತನಗೇ ಒಂದು ಹಳೆ ಸೈಕಲ್ ಕೊಂಡ. ಬೆಲ್ಟು ಮೂರು ತೂತು ಒಳಗೆ ಸರಿಯಿತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿರಲಿಲ್ಲ, ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ಒಂದು ವಾರ ಮಳೆ ಹಿಡಿದು ಹೊರಗೆ ಕಾಲಿಡಲಾಗದಾಗ ಬೋನಿನೊಳಗಿನ ಹುಲಿಯ ಹಾಗೆ ಮನೆ ಸುತ್ತಿದ.

"ನಿಮಗೆ ಚಟ ಹತ್ತಿದೆ," ಎಂದಳು ಹೆಂಡತಿ, ಬಟ್ಟೆಗೆ ಗುರುತು ಹಾಕುತ್ತಾ.

"ಚಟ ಅನ್ಬೇಡ. ಔಷಧಿ ಅನ್ನು."

"ಔಷಧಿ ತಪ್ಪಿದ್ರೆ ಯಾರೂ ಹೀಗೆ ಬಾಗಿಲು ಕಿಟಕಿ ನೋಡಲ್ಲ. ಒಳ್ಳೇ ಚಟ, ಇರ್ಲಿ ಬಿಡಿ. ಹಳೇ ಚಟಕ್ಕಿಂತ ವಾಸನೆ ಕಮ್ಮಿ."

ಚಟ ಮುಂದೆ ಪಂದ್ಯವಾಯಿತು. ಆರು ಹತ್ತಕ್ಕೆ ಡಿಪೋದಿಂದ ಮೊದಲ ಮೂವತ್ತಾರು ಹೊರಡುತ್ತಿತ್ತು. ಅದಕ್ಕೆ ಹತ್ತು ನಿಮಿಷ ಮೊದಲು ಹೊರಟು, ಅದು ಹಿಂದಿನಿಂದ ಬಂದು ಹಿಡಿಯುವ ಮೊದಲು ಸೇತುವೆ ದಾಟುವುದು ಅವನ ಹಟ. ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ಅರ್ಧ ಏರಿನಲ್ಲಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ಆ ಹಾರ್ನು ಅವನಿಗೆ ಗೊತ್ತಿತ್ತು, ಕೊನೆಯಲ್ಲಿ ಸ್ವಲ್ಪ ಗೊಗ್ಗರಾಗುವ ದನಿ, ಅವನ ಬಸ್ಸೇ. ನಿಧಾನ ಮಾಡುತ್ತಾನೆ ಎಂದುಕೊಂಡ. ಮಾಡಲಿಲ್ಲ. ಹಾರ್ನಿನಿಂದ ಕೈ ಎತ್ತದೆ ಬಂದ. ಬಿಸಿಗಾಳಿ, ಡೀಸೆಲ್ಲು, ಎತ್ತರದ ಕೆಂಪು ಗೋಡೆಯೊಂದು ಪಕ್ಕದಲ್ಲೇ ಜಾರತೊಡಗಿತು, ಮೊಣಕೈಗೆ ತಗಡು ತಾಗಿತು. ಸೈಕಲ್ಲು ಕಟ್ಟೆಗೆ ಬಡಿಯಿತು, ಅವನು ಕಟ್ಟೆಯ ಮೇಲೆ ಬಿದ್ದ. ಮೊಣಕಾಲು ತರಚಿ ರಕ್ತ ಬಂತು, ಹಿಂದಿನ ಚಕ್ರ ಸೊಟ್ಟಗಾಯಿತು. ಬಸ್ಸು ತುದಿ ದಾಟಿ ಇಳಿದುಹೋಯಿತು. ಕಿಟಕಿಯಲ್ಲಿ ಒಬ್ಬಿಬ್ಬರು ನಗುತ್ತಿದ್ದದ್ದು ಕಂಡಿತು.

ಸೊಟ್ಟ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಿಪೋಗೆ ನಡೆದ. ಹದಿನಾಲ್ಕು ಸ್ಟಾಪು. ಕ್ಯಾಂಟೀನಿನಲ್ಲಿ ಚಿಗರೆ ಟೀ ಕುಡಿಯುತ್ತಿದ್ದ, ಸುತ್ತ ಏಳೆಂಟು ಡ್ರೈವರುಗಳು. ಕೆಂಡ ಸೈಕಲ್ಲನ್ನು ಅವನ ಮೇಜಿನ ಮೇಲೇ ಇಳಿಸಿದ. ಲೋಟ ಉರುಳಿತು.

"ಸೇತುವೆ ಮೇಲೆ ಯಾರನ್ನ ಒತ್ತಿದೆ, ಗೊತ್ತಾ?"

ಚಿಗರೆ ಎದ್ದುನಿಂತ. ಮುಖದ ಬಣ್ಣ ಹಾರಿತ್ತು. "ಅಯ್ಯೋ ಅಣ್ಣಾ, ನೀವಾ? ದೇವರಾಣೆ ಗೊತ್ತಾಗ್ಲಿಲ್ಲ. ನೀವು ಅಂತ ಗೊತ್ತಿದ್ರೆ ಒತ್ತುತಿದ್ನಾ?"

"ನಾನಲ್ಲದಿದ್ರೆ ಒತ್ತಬಹುದಾ?"

ಚಿಗರೆ ಅತ್ತಿತ್ತ ನೋಡಿದ. ಸುಳ್ಳು ಹೇಳಲು ಬಾರದ ಪ್ರಾಣಿ. "ನೀವೇ ಅಲ್ವಾ ಅಣ್ಣಾ ಕಲಿಸಿದ್ದು? ಸೇತುವೆ ಮೇಲೆ ಆಕ್ಸಿಲರೇಟರಿಂದ ಕಾಲು ಎತ್ತಬೇಡ, ಎತ್ತಿದ್ರೆ ಫುಲ್ ಲೋಡಲ್ಲಿ ಬಸ್ಸು ಏರು ಎಳೆಯಲ್ಲ, ಫಸ್ಟ್ ಗೇರಿಗೆ ಬರತ್ತೆ, ಟೈಮ್ ಹೋಗತ್ತೆ ಅಂತ. ಹಾರ್ನ್ ಒತ್ತಿ ಹಿಡ್ಕೊ, ಸೈಕಲ್ಲಿನೋನು ತಾನೇ ಇಳಿದು ಕಟ್ಟೆ ಹತ್ತುತಾನೆ ಅಂತ. ಒಂದ್ಸಲ ನಾನು ಕಾಲು ಎತ್ತಿದ್ದಕ್ಕೆ ನೀವು ನನ್ನ ತಲೆಗೆ ಹೊಡೆದಿದ್ರಿ."

"ಆನೆ ನಡೆದದ್ದೇ ದಾರಿ ಅಂತಿದ್ರಲ್ಲಣ್ಣಾ," ಎಂದ ಇನ್ನೊಬ್ಬ ಹಿಂದಿನಿಂದ. ಗುರುವಿಗೇ ತಿರುಮಂತ್ರ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಕೆಂಡನಿಗೆ ಹೊಡೆಯಬೇಕೆನಿಸಿತು. ಯಾರಿಗೆ ಎಂಬುದೇ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಅಭ್ಯಾಸ ಅವನಿಗೆ ಚೆನ್ನಾಗಿಯೇ ಇತ್ತು, ಆದರೆ ಈ ಸಲ ಎತ್ತೂ ಅವನೇ, ಎಮ್ಮೆಯೂ ಅವನೇ. ಸೈಕಲ್ಲನ್ನು ಮತ್ತೆ ಹೊತ್ತುಕೊಂಡು ಹೊರಗೆ ಬಂದ.

ಮನೆಯಲ್ಲಿ ಹೆಂಡತಿ ಮೊಣಕಾಲು ತೊಳೆದು ಔಷಧಿ ಹಚ್ಚಿದಳು. ಅವನು ಚಿಗರೆಯ ವಂಶವನ್ನೆಲ್ಲ ಜಾಲಾಡಿದ. ಕಣ್ಣು ಕಾಣಲ್ವಾ, ಮನುಷ್ಯತ್ವ ಬೇಡ್ವಾ, ಮುಂದೆ ಒಂದು ಜೀವ ಹೋಗ್ತಿದೆ ಅನ್ನೋ ಜ್ಞಾನ ಬೇಡ್ವಾ ಎಂದ. ಅವಳು ಹತ್ತಿ ಒತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನನ್ನ ನೀವು ಎರಡು ಸಲ ಒತ್ತಿದೀರಿ," ಎಂದಳು.

ಅವನು ಮೊಣಕಾಲು ಹಿಂದಕ್ಕೆಳೆದ, ಅವಳು ಬಿಡಲಿಲ್ಲ.

"ಅದೇ ಸೇತುವೆ ಮೇಲೆ. ಮೊದಲನೇ ಸಲ ಬುಟ್ಟಿಯಲ್ಲಿದ್ದ ಮದುವೆ ಬಟ್ಟೆಯೆಲ್ಲ ಚೆಲ್ಲಿಹೋಯ್ತು. ಕೈ ಎತ್ತಿ ಕೂಗಿದೆ. ಎರಡನೇ ಸಲದಿಂದ ಕೂಗೋದು ಬಿಟ್ಟೆ. ಆವತ್ತಿಂದ ಸೇತುವೆ ಬಂದ್ರೆ ಇಳಿದು ಕಟ್ಟೆ ಪಕ್ಕ ತಳ್ಕೊಂಡು ಹೋಗ್ತೀನಿ. ಹಿಂದೆ ಬಸ್ಸಿದ್ರೆ ನನ್ನ ಕಾಲೇ ಆಡಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ದೆ. ಇದೇ ಕುರ್ಚಿ ಮೇಲೆ ಕೂತಿದ್ರಿ. ಸೈಕಲ್ಲಿನವರಿಗೆ ಸೇತುವೆ ಮೇಲೇನು ಕೆಲಸ, ಸುತ್ತು ಹಾಕ್ಕೊಂಡು ಹೋಗಿ ಅಂದ್ರಿ. ಬಸ್ಸು ಓಡಿಸ್ತಿದ್ದವರು ನೀವೇ ಅಂತ ನಾನು ಹೇಳ್ಲಿಲ್ಲ. ನೀವೂ ಕೇಳ್ಲಿಲ್ಲ." ಅವಳ ದನಿ ಏರಿರಲಿಲ್ಲ, ಆದರೆ ಹತ್ತಿ ಒತ್ತುತ್ತಿದ್ದ ಬೆರಳು ಗಟ್ಟಿಯಾಗಿತ್ತು. "ಹದಿಮೂರು ವರ್ಷದಿಂದ ದಿನಾ ನನ್ನ ಪಕ್ಕದಲ್ಲೇ ಹಾದುಹೋಗ್ತೀರಿ. ಒಂದು ಸಲಾನೂ ನೋಡಿಲ್ಲ."

ಬಸ್ಸಿನ ಎತ್ತರದಿಂದ ನೋಡಿದರೆ ಸೈಕಲ್ಲಿನವರಿಗೆ ಮುಖ ಇರುವುದಿಲ್ಲ. ಬೆನ್ನು ಇರುತ್ತದೆ, ಆಮೇಲೆ ಕನ್ನಡಿಯಲ್ಲಿ ಎತ್ತಿದ ಕೈ ಇರುತ್ತದೆ. ಎತ್ತಿದ ಕೈಗಳು ಅವನಿಗೆ ನೆನಪಿದ್ದವು, ಎಷ್ಟೋ ಕೈಗಳು. ಅವನ್ನು ನೋಡಿ ಕಂಡಕ್ಟರನ ಜೊತೆ ನಕ್ಕದ್ದೂ ನೆನಪಿತ್ತು. ಅದರಲ್ಲಿ ತನ್ನ ಮನೆಯ ಬಳೆ ಯಾವುದು ಎಂದು ಅವನು ಆವತ್ತಿಡೀ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವನು ಕೊಯ್ದದ್ದು ಕೋಪದಲ್ಲೂ ಅಲ್ಲ, ಎರಡು ನಿಮಿಷ ಉಳಿಸುವುದಕ್ಕೆ.

ನಾಲ್ಕನೇ ದಿನ ಚಕ್ರ ನೇರ ಮಾಡಿಸಿ ಮತ್ತೆ ಹೊರಟ, ಬಿಟ್ಟರೆ ಕಾಲು ಕೇಳುತ್ತಿರಲಿಲ್ಲ. ಈಗ ಬೈಯಲು ಎಡಗಾಲಿಗೂ ಬಲಗಾಲಿಗೂ ಒಬ್ಬನೇ ಸಿಗುತ್ತಿದ್ದ. ಆ ಬೈಗುಳ ಎಷ್ಟು ದೂರ ಹೋದರೂ ಮುಗಿಯಲಿಲ್ಲ.

ಆರು ತಿಂಗಳು ತುಂಬಿತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದಳು, ಪಟ್ಟಿ ಕಟ್ಟಿ ಬಿಪಿಯನ್ನು ಎರಡು ಸಲ ಅಳೆದಳು.

"ಮಾತ್ರೆ ಬಿಡಬೇಡಿ. ಉಳಿದದ್ದೆಲ್ಲ ಸರಿ ಇದೆ. ಏನು ಮಾಡಿದ್ರಿ?"

"ನಿಮ್ಮನ್ನ ಬೈದೆ," ಎಂದ.

ಅವಳು ಅಂಗಿಯ ಮೂರನೇ ಗುಂಡಿಯ ಹತ್ತಿರ ನೋಡಿದಳು. ಹೊಸ ಅಂಗಿ, ಸಡಿಲವಾಗಿತ್ತು. ಸಹಿ ಹಾಕಿದಳು. ಮ್ಯಾನೇಜರು ಮಾತ್ರ ಒಂದು ಮಾತು ಸೇರಿಸಿದ: ವಾಪಸು ಬಂದವರಿಗೆ ಮೊದಲ ತಿಂಗಳು ಪರೀಕ್ಷೆ, ಮೂರು ಸಲ ತಡವಾದರೆ ದಾರಿ ಚಿಗರೆಗೆ, ನೀನು ಕೊಡೆಗಳ ಕೋಣೆಗೆ. ಕೆಂಡ ತಲೆಯಾಡಿಸಿ, ಕುರ್ಚಿಯ ಮೇಲಿದ್ದ ದಿಂಬನ್ನು ಎತ್ತಿಕೊಂಡು ಬಂದು ಬಸ್ಸಿನ ಸೀಟಿಗೆ ಹಾಕಿದ.

ಮೊದಲ ಎರಡು ಟ್ರಿಪ್ಪು ನೀರು ಕುಡಿದಂತೆ ಆಯಿತು. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ. ಮೂರನೆಯದು ಎಂಟು ನಲವತ್ತರದ್ದು, ಕಾಲಿಡಲು ಜಾಗವಿಲ್ಲದಷ್ಟು ಜನ. ಹದಿನಾಲ್ಕನೇ ಸ್ಟಾಪು ಬಿಟ್ಟು ಸೇತುವೆಗೆ ತಿರುಗಿದರೆ ಎದುರಿಗೆ ಒಂದು ಬೆನ್ನು, ಬಗ್ಗಿದ ಬಾರು, ಬುಟ್ಟಿಯಲ್ಲಿ ಬಟ್ಟೆಯ ಗಂಟು. ಅವನು ಹಾರ್ನು ಮುಟ್ಟಲಿಲ್ಲ. ಆದರೂ ಅವಳಿಗೆ ಎಂಜಿನ್ನಿನ ಸದ್ದು ಕೇಳಿತು. ತಿರುಗಿಯೂ ನೋಡದೆ ಇಳಿದು, ಸೈಕಲ್ಲನ್ನು ಕಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ ನಿಂತಳು. ಗೋಡೆಗೆ ಅಂಟಿಕೊಂಡ ಹಲ್ಲಿಯ ಹಾಗೆ ನಿಂತಿದ್ದಳು, ಇಷ್ಟು ವರ್ಷ ಅವನೊಡನೆ ಸಂಸಾರ ಮಾಡಿದ ಹೆಂಗಸು, ಅವನ ಅಂಗಿ ಹೊಲಿದವಳು.

ಕೆಂಡ ಕಾಲು ಎತ್ತಿದ. ಬಸ್ಸು ಮುಕ್ಕರಿಸಿತು, ಸೆಕೆಂಡಿಗೆ ಬಂತು, ಫಸ್ಟಿಗೆ ಬಂತು, ನಿಂತಿತು. ಕಿಟಕಿಯಿಂದ ತಲೆ ಹಾಕಿದ.

"ಹತ್ತು," ಎಂದ. "ಸೈಕಲ್ ಹತ್ತಿ ಹೋಗು. ನಾನು ಹಿಂದೆ ಬರ್ತೀನಿ."

ಅವಳು ಈಗ ತಿರುಗಿದಳು. ಅವನೆಂದು ತಿಳಿದರೂ ಮುಖ ಸಡಿಲವಾಗಲಿಲ್ಲ. "ಸುಮ್ನೆ ಹೋಗ್ರೀ. ಜನ ನೋಡ್ತಿದಾರೆ."

"ನೋಡ್ಲಿ. ನೀನು ಹತ್ತು."

"ಹೇಳಿಲ್ವಾ, ಹಿಂದೆ ಬಸ್ಸಿದ್ರೆ ನನ್ನ ಕಾಲು ಆಡಲ್ಲ ಅಂತ."

ಹಿಂದೆ ಕಂಡಕ್ಟರು ಸೀಟಿ ಊದಿದ, ಎರಡು ಸಲ, ಮೂರು ಸಲ. ಆಫೀಸಿಗೆ ಲೇಟಾಗ್ತಿದೆ ಎಂದು ಯಾರೋ ಕೂಗಿದರು. ಅವಳನ್ನು ಪಕ್ಕಕ್ಕೆ ಹಾಕಿ ನಡೀರಿ, ಜಾಗ ಬೇಕಾದಷ್ಟಿದೆ ಎಂದ ಇನ್ನೊಬ್ಬ. ಹಿಂದಿನ ಲಾರಿ ಹಾರ್ನು ಒತ್ತಿ ಹಿಡಿಯಿತು. ಕೆಂಡ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬಸ್ಸಿನೊಳಗಿನ ಅರವತ್ತು ಜನರ ಕಡೆ ತಿರುಗಿದ.

"ಯಾರಿಗೆ ಅವಸರ ಇದೆಯೋ ಅವರು ಇಳಿದು ನಡೀರಿ. ಈ ಏರು ನಡೆದು ಹತ್ತಿ ನೋಡಿ, ಆಮೇಲೆ ಮಾತಾಡಿ." ಮತ್ತೆ ಕಿಟಕಿಗೆ ಬಂದ. "ಈಗ ಹಿಂದೆ ಬಸ್ಸಿಲ್ಲ ಕಣೇ. ಬರೀ ತಗಡು. ಹೋಗು."

ಅವಳು ತಗಡನ್ನು ನೋಡಿದಳು, ಅವನ ಖಾಲಿ ಕೈ ನೋಡಿದಳು. ಸೈಕಲ್ಲನ್ನು ದಾರಿಯ ನಡುವಿಗೆ ಎಳೆದು ಹತ್ತಿದಳು. ಮೊದಲ ನಾಲ್ಕು ತುಳಿತಕ್ಕೆ ಸೈಕಲ್ಲು ಓಲಾಡಿತು, ಎರಡು ಸಲ ತಿರುಗಿ ನೋಡಿದಳು. ಆಮೇಲೆ ನೋಡಲಿಲ್ಲ. ತುದಿ ಮುಟ್ಟಿ ಆಚೆ ಇಳಿದು ಅವಳ ತಲೆ ಮರೆಯಾಗುವವರೆಗೆ ಅವನು ಕೀಲಿ ತೆಗೆಯಲಿಲ್ಲ. ಬಸ್ಸಿನೊಳಗೆ ಅವನಿಗೆ ಬಿದ್ದ ಬೈಗುಳ ಅವನೇ ಅಷ್ಟು ವರ್ಷ ಬೈದದ್ದಕ್ಕೆ ಸರಿಸಮವಾಗಿತ್ತು.

ಕಾರ್ಖಾನೆಯ ಸ್ಟಾಪಿನಲ್ಲಿ ಟೈಮ್‌ಕೀಪರ್ ಗಡಿಯಾರ ನೋಡಿ ತಡವಾದ ಬಸ್ಸುಗಳ ಪುಸ್ತಕ ಮುಂದೆ ತಳ್ಳಿದ. ಆರು ನಿಮಿಷ. ಕೆಂಡ ಕಾರಣದ ಜಾಗದಲ್ಲಿ ಬರೆದ: ಸೇತುವೆಯ ಮೇಲೆ ಮುಂದೆ ಸೈಕಲ್ ಇತ್ತು.

ಟೈಮ್‌ಕೀಪರ್ ಓದಿ ಕನ್ನಡಕ ತೆಗೆದ. "ಇದೊಂದು ಕಾರಣಾನಾ? ಟೈರ್ ಪಂಕ್ಚರ್ ಅಂತ ಬರೀರಿ, ಇಲ್ಲ ಟ್ರಾಫಿಕ್ ಅಂತ ಬರೀರಿ. ನಾನು ಸಹಿ ಹಾಕ್ತೀನಿ."

"ಸೈಕಲ್ಲೂ ಟ್ರಾಫಿಕ್ಕೇ. ಇದ್ದದ್ದನ್ನ ಬರ್ದಿದೀನಿ."

"ಇಂಥವು ಮೂರಾದ್ರೆ ದಾರಿ ಹೋಗತ್ತೆ, ಗೊತ್ತು ತಾನೆ? ಇನ್ನೆರಡೇ ಉಳಿದಿರೋದು."

ಕೆಂಡ ಪೆನ್ನನ್ನು ಕೆಳಗಿಡಲಿಲ್ಲ. ಹೆಂಡತಿ ದಿನಾ ಎಂಟೂವರೆಗೇ ಮನೆ ಬಿಡುತ್ತಾಳೆ.

"ನಾಳೇದೂ ಈಗಲೇ ಬರೆದುಬಿಡ್ಲಾ?" ಎಂದ.